ಹನ್ನೆರಡು ನಿಮಿಷ

ಹಗಲೊತ್ತು ಉರೀತವೆ, ಕತ್ತಲಾದ್ರೆ ಸತ್ತೇ ಹೋಗ್ತವೆ,
ಬಂಕು ಮುಚ್ಚೈತೆ ಅಂತ ಲಾರಿಯೋರೆಲ್ಲ
ಮುಂದಕ್ಕೆ ಹೋಗ್ತವ್ರೆ, ಬೇಗ ಬನ್ನಿ ಮಾರಾಯ್ರೆ —
ಮ್ಯಾನೇಜರ್ ಪ್ರಾಣೇಶನ ಫೋನು.
ಏಣಿ, ಟೆಸ್ಟರು, ಹುಡುಗ ಓಬಳೇಶ
ಮೂರನ್ನೂ ಎಕ್ಸೆಲ್ ಗಾಡಿಗೆ ಹೇರಿಕೊಂಡು ಹೊರಟೆ.

ಹೈವೇ ಬದಿ, ಹನ್ನೊಂದು ಗಂಟೆ.
ದುರ್ಗದ ಬಿಸಿಲು ಬಂಡೆಗೆ ಬಡಿದು ವಾಪಸು ಬರುತ್ತಿದೆ.
ಅದರ ನಡುವೆ ಎಂಟು ಕಂಬ, ಎಂಟು ದೀಪ,
ಮದುವೆ ಮುಗಿದರೂ ಹೋಗದ ನೆಂಟರಂತೆ
ಬಿಳಿಚಿಕೊಂಡು ನಿಂತಿವೆ.

ಬಲ್ಬನ್ನು ನಾನು ಅನುಮಾನಿಸುವುದಿಲ್ಲ.
ಉರಿಯುವವನ ತಪ್ಪು ಕಡಿಮೆ,
ಉರಿ ಎಂದವನದೇ ಹೆಚ್ಚು.

ಪೆಟ್ಟಿಗೆ ತೆರೆದು ಟೈಮರಿನ ತಂತಿ ಬಿಡಿಸಿದೆ:
ಟಕ್, ಕಾಂಟ್ಯಾಕ್ಟರ್ ಬಿಟ್ಟಿತು.
ಮುಟ್ಟಿಸಿದೆ: ಟಕ್, ಹಿಡಿಯಿತು.
ಅಂದರೆ ಆಳು ನೆಟ್ಟಗಿದ್ದಾನೆ,
ಧಣಿಯ ತಲೆ ಕೆಟ್ಟಿದೆ.

ಕನ್ನಡಕ ಒರೆಸಿ ಬಗ್ಗಿ ನೋಡಿದೆ.
ಚಕ್ರ ನಿಂತಿಲ್ಲ, ತಿರುಗುತ್ತಲೇ ಇದೆ, ಪಾಪ, ಮೈಗಳ್ಳನಲ್ಲ.
ನಡುವೆ ಇರುವೆಯ ಕಾಲಿನಷ್ಟು ಮುಳ್ಳು
ತೋರಿಸುತ್ತಿರುವುದು ಮೂರು ಇಪ್ಪತ್ತು.
ಆ ಪೆಟ್ಟಿಗೆಯೊಳಗೆ ಇನ್ನೂ ಬೆಳಗಿನ ಜಾವ,
ಕೋಳಿ ಕೂಗಿಲ್ಲ.
ಅದರ ಲೆಕ್ಕದಲ್ಲಿ ದೀಪ ಉರಿಯಬೇಕಾದದ್ದೇ ಸರಿ.

ಹಿಂದೆ ಬ್ಯಾಟರಿ ಉಬ್ಬಿ, ಉಪ್ಪು ಕಕ್ಕಿತ್ತು.
ಕರೆಂಟು ಹೋದಾಗಲೆಲ್ಲ ಚಕ್ರ ನಿಂತಿದೆ,
ಬಂದಾಗ ನಿಂತಲ್ಲಿಂದಲೇ ಹೊರಟಿದೆ,
ಏನೂ ಆಗಿಲ್ಲವೆಂಬಂತೆ.
ಎದುರಿನ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು
ಒಂದೇ ಸಮನೆ ತಿರುಗುತ್ತಿದ್ದವು.
ಅವು ಅರೆದದ್ದು ಯಾರ ಮನೆಗೆ ಹೋಗುತ್ತದೋ,
ಈ ಬಂಕಿಗಂತೂ ಅಲ್ಲ.

ಏಳು ಗಂಟೆ ನಲವತ್ತು ನಿಮಿಷ ಹಿಂದೆ.
ಯುಗಾದಿಯ ಮಾರನೇ ದಿನ ನಾನೇ ಹೊಂದಿಸಿ ಹೋಗಿದ್ದೆ.
ಎಲ್ಲಿ ಹೋಯಿತು ಇಷ್ಟೂ ಹೊತ್ತು?

ರಾತ್ರಿ ಕಾವಲಿನ ಮೈಲಾರಪ್ಪನ ಹತ್ತಿರ ಡೈರಿ ಇತ್ತು,
ಪಂಪಿಗೆ ಜನರೇಟರ್ ಹಾಕಿದ್ದು, ತೆಗೆದದ್ದು,
ಕುಡಿದ ಡೀಸೆಲ್ಲು, ಎಲ್ಲ ಗುಂಡಕ್ಷರದಲ್ಲಿ.
ಓಬಳೇಶ ಓದಿದ, ನಾನು ಸಿಗರೇಟ್ ಪ್ಯಾಕಿನ ಹಿಂದೆ ಕೂಡಿದೆ:
ನಲವತ್ತು ನಿಮಿಷ, ಹದಿನೆಂಟು, ಮತ್ತೆ ಮೂವತ್ತು,
ಮೊನ್ನೆ ಲೈನು ರಿಪೇರಿಯ ದಿನ ಪೂರ್ತಿ ಆರು ಗಂಟೆ.
ಒಟ್ಟು ಏಳು ಇಪ್ಪತ್ತೆಂಟು.

ಹನ್ನೆರಡು ನಿಮಿಷ ಕಡಿಮೆ ಬಿತ್ತು.

ಬಿಡಿ ಸಾರ್, ಅಂದ ಓಬಳೇಶ.
ಬಿಡಬಹುದಿತ್ತು. ಆದರೆ ತಪ್ಪದ ಯಂತ್ರದ ಮುಂದೆ
ನನ್ನ ಕೂಡಿಕೆ ತಪ್ಪಿದರೆ ಊಟ ಇಳಿಯುವುದಿಲ್ಲ.
ಮತ್ತೆ ಕೂಡಿದೆ. ಹನ್ನೆರಡೇ.

ಆಗ ಮೈಲಾರಪ್ಪ ಪ್ರಾಣೇಶನ ಕ್ಯಾಬಿನ್ನಿನ ಕಡೆ ನೋಡಿ
ನನ್ನ ಕಿವಿಯ ಹತ್ತಿರ ಬಂದ:
ಮೊದಲ ಮಳೆ ಬಿದ್ದ ರಾತ್ರಿ, ಸಾಮಿ, ಈಸಲು ಹುಳ ಎದ್ದಿದ್ವು.
ರೆಕ್ಕೆ ಬಂದು ಒಂದು ತಾಸೂ ಆಗಿಲ್ಲ,
ಈ ದೀಪಕ್ಕೆ ಬಡಕೊಂಡು ಬಡಕೊಂಡು
ಕಾಲಡಿ ಬೆಲ್ಲದ ಪುಡಿ ಸುರಿದಂಗೆ ಬೀಳ್ತಿದ್ವು.
ನೋಡಕ್ಕಾಗಲಿಲ್ಲ. ಮೇನ್ ಎಳೆದುಬಿಟ್ಟೆ.
ಸುಮ್ನೆ ಕತ್ತಲಲ್ಲಿ ಕೂತಿದ್ದೆ, ಅವು ಹೋಗೋವರೆಗೂ.
ಎಷ್ಟೊತ್ತು ಅಂತ ನಂಗೇನು ಗೊತ್ತು?

ಗೊತ್ತಿದ್ದದ್ದು ಈ ಡಬ್ಬಿಗೆ ಮಾತ್ರ.
ಪೆಟ್ಟಿಗೆಯ ತಳದಲ್ಲಿ, ಹೌದು, ಒಂದು ಹಿಡಿ ರೆಕ್ಕೆ,
ಈರುಳ್ಳಿಯ ಒಳಸಿಪ್ಪೆಯಂಥವು.
ಓಬಳೇಶ ಊದಹೋದ. ಕೈ ಹಿಡಿದೆ.
ಯಾಕೆ ಹಿಡಿದೆನೋ.

ಹೊಸ ಬ್ಯಾಟರಿ ಹಾಕಿ, ಬೆರಳಿನಿಂದ ಚಕ್ರ ತಿರುಗಿಸಿದೆ.
ನಾಲ್ಕು ದಾಟಿತು, ಐದು ದಾಟಿತು,
ಆರರ ಹಲ್ಲು ಕಟಕ್ ಎಂದಾಗ
ಎಂಟೂ ದೀಪ ಒಟ್ಟಿಗೆ ಆರಿದವು.
ಆ ಬಿಸಿಲಲ್ಲಿ ಯಾರೂ ತಲೆ ಎತ್ತಲಿಲ್ಲ.

ಬಿಲ್ಲು ಬರೆದೆ: ಬ್ಯಾಟರಿ ಕೆಟ್ಟಿತ್ತು, ಬದಲಿಸಿದೆ.
ಕೂಲಿ ಬೇರೆ.
ಮೇನಿನ ಮಾತು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ,
ಇದ್ದರೂ.

ಸಂಜೆ ಆರೂವರೆಗೆ ಎಣ್ಣೆ ಹಾಕಿಸುವ ನೆಪದಲ್ಲಿ ಹೋಗಿ ನಿಂತೆ.
ಒಂದು, ಎರಡು, ಮೂರು... ಏಳು ಹತ್ತಿದವು.
ಎಂಟನೆಯದು ಮಿಣುಕಿ, ಯೋಚಿಸಿ, ಸುಮ್ಮನಾಯಿತು.
ಮೈಲಾರಪ್ಪ ನಕ್ಕ. ಅಣೆ, ಅದು ನಾನಲ್ಲ, ಅಂದ.